ನಿಮ್ಮ ಕತೆ ಆ ಹತ್ತು ಕಿಲೋಮೀಟರ್‌ನಲ್ಲಿದೆ

ನಮಸ್ಕಾರ,

ನೀವು ಕಳಿಸಿದ 'ಬಾಲಕ್ಲಾವಾದ ಚಳಿಗಾಲ' ಕತೆಯನ್ನು ಎರಡು ಸಲ ಓದಿದೆ. ಕ್ರೈಮಿಯಾ ಯುದ್ಧವನ್ನು ಕನ್ನಡದ ಕತೆಗೆ ತರಲು ಹೊರಟಿದ್ದೀರಲ್ಲ, ಅದು ತುಂಬಾ ಖುಷಿಯಾಯಿತು. ಆದರೆ ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿಯೇ ಹೇಳುತ್ತೇನೆ.

ಮೊದಲ ಮೂರು ಪುಟ, ರಷ್ಯಾದ ಮೇಲೆ ಬ್ರಿಟನ್, ಫ್ರಾನ್ಸ್, ಟರ್ಕಿ ಯಾಕೆ ಒಂದಾದವು ಅನ್ನುವುದರಲ್ಲೇ ಹೋಗಿವೆ. ನಿಮ್ಮ ಬ್ರಿಟಿಷ್ ಸಿಪಾಯಿ ಬರುವುದು ನಾಲ್ಕನೇ ಪುಟಕ್ಕೆ. ಬಂದವನೇ ಕುದುರೆ ದಳದ ದಾಳಿ ನೋಡುತ್ತಾ ನಿಲ್ಲುತ್ತಾನೆ. 1854ರ ಅಕ್ಟೋಬರ್ 25ರ ಆ ದಾಳಿ ಕೆಲವೇ ನಿಮಿಷಗಳದ್ದು. ಚಳಿ ತಿಂಗಳುಗಟ್ಟಲೆ ಇತ್ತು. ಅದು ನಿಮ್ಮ ಕತೆಯ ಹೆಸರಲ್ಲಿದೆ, ಒಳಗೆ ಒಂದು ಸಾಲು ಬಿಟ್ಟರೆ ಎಲ್ಲೂ ಇಲ್ಲ.

ನನ್ನ ಪ್ರಕಾರ ಕತೆ ಇರುವುದು ಬಂದರಿಗೂ ಡೇರೆಗಳಿಗೂ ನಡುವೆ. ರಷ್ಯನ್ನರ ಬಂದರು ಪಟ್ಟಣ ಸೆವಾಸ್ಟೊಪೋಲ್‌ನ ಮುತ್ತಿಗೆಗೆಂದು ಬ್ರಿಟಿಷರು ಡೇರೆ ಹಾಕಿದ್ದು ಮೇಲೆ, ಗುಡ್ಡದ ಬಯಲಲ್ಲಿ. ಹಡಗು ಬರುತ್ತಿದ್ದದ್ದು ಕೆಳಗೆ, ಬಾಲಕ್ಲಾವಾದ ಕಿರಿದಾದ ಬಂದರಿಗೆ. ನಡುವೆ ಸುಮಾರು ಹತ್ತು ಕಿಲೋಮೀಟರ್. ಇದ್ದ ಒಂದು ಒಳ್ಳೆಯ ರಸ್ತೆ ಅಕ್ಟೋಬರ್ 25ರ ಕಾಳಗದಲ್ಲಿ ಕೈತಪ್ಪಿತು. ನವೆಂಬರ್ 14ರ ಬಿರುಗಾಳಿಗೆ 'ಪ್ರಿನ್ಸ್' ಅನ್ನುವ ಹಡಗು ಚಳಿಗಾಲದ ಬಟ್ಟೆಗಳ ಸಮೇತ ಬಂದರಿನ ಹೊರಗೇ ಮುಳುಗಿತು. ಆಮೇಲೆ ಬರೀ ಕೆಸರು. ಮೇವಿಲ್ಲದೆ ಕುದುರೆಗಳು ಸತ್ತವು. ರಾತ್ರಿಯೆಲ್ಲಾ ಕಂದಕದಲ್ಲಿ ನೆನೆದ ಸಿಪಾಯಿಯೇ ಬೆಳಿಗ್ಗೆ ಕೆಳಗಿಳಿದು ಮೂಟೆ ಹೊತ್ತು ತರಬೇಕು. ಬಂದರಿನಲ್ಲಿ ಸಾಮಾನು ಬಿದ್ದಿದೆ, ಮೇಲೆ ಜನ ಹಸಿದಿದ್ದಾರೆ. ಇದನ್ನು ಒಂದು ದಿನದ ನಡಿಗೆಯಾಗಿ ಬರೆಯಿರಿ.

ನಿಮ್ಮ ಸಿಪಾಯಿ 'ಬಿಸಿ ಕಾಫಿ ಹೀರಿದ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅವನಿಗೆ ಸಿಗುತ್ತಿದ್ದದ್ದು ಹುರಿಯದ ಹಸಿರು ಬೀಜ! ಸೌದೆ ಇಲ್ಲ. ಗಿಡದ ಬೇರು ಅಗೆದು ತರಬೇಕು, ಒದ್ದೆ ಬೇರನ್ನು ಊದಿ ಊದಿ ಹೊತ್ತಿಸಬೇಕು, ಊಟದ ಡಬ್ಬಿಯ ಮುಚ್ಚಳದಲ್ಲಿ ಬೀಜ ಹುರಿಯಬೇಕು. ಪುಡಿ ಮಾಡುವುದು ಹೇಗೆ? ಒಡೆದ ಫಿರಂಗಿ ಶೆಲ್ಲಿನ ಚೂರಲ್ಲಿ ಬೀಜ ಹಾಕಿ, ಫಿರಂಗಿ ಗುಂಡಿನಿಂದ ಕುಟ್ಟುತ್ತಿದ್ದರು. ನಮ್ಮ ಓದುಗರಲ್ಲಿ ಕೊಡಗು, ಚಿಕ್ಕಮಗಳೂರಿನವರು ಎಷ್ಟೊಂದು ಜನ ಇದ್ದಾರೆ. ಹಸಿರು ಬೀಜ ಹಲ್ಲಿಗೂ ಬಗ್ಗಲ್ಲ ಅಂತ ಅವರಿಗೆ ಗೊತ್ತು. ಈ ದೃಶ್ಯಕ್ಕೆ ಒಂದು ಪುಟ ಕೊಟ್ಟರೂ ಜಾಸ್ತಿ ಆಗಲ್ಲ.

'ಮಿತ್ರಪಡೆಯ ಶಿಬಿರ' ಅಂತ ಎಲ್ಲರನ್ನೂ ಒಟ್ಟಿಗೆ ಸೇರಿಸಿದ್ದೀರಿ. ಫ್ರೆಂಚರ ಬಂದರು ಬೇರೆ, ಪಶ್ಚಿಮಕ್ಕಿದ್ದ ಕಾಮಿಶ್. ಆ ಮೊದಲ ಚಳಿಗಾಲದಲ್ಲಿ ಅವರ ವ್ಯವಸ್ಥೆ ಎಷ್ಟೋ ಚೆನ್ನಾಗಿತ್ತು. ಬ್ರಿಟಿಷ್ ರೋಗಿಗಳನ್ನು ಬಾಲಕ್ಲಾವಾಕ್ಕೆ ಇಳಿಸಲು ಹೇಸರಗತ್ತೆಗಳನ್ನು ಕೊಟ್ಟವರೂ ಅವರೇ. ಆ ಹೇಸರಗತ್ತೆಯ ಮೇಲೆ ಕೂತು ಇಳಿಯುವವನ ಮನಸ್ಸಲ್ಲಿ ಏನಿರುತ್ತೆ? ಅದನ್ನು ನೀವು ಬರೆಯಬಲ್ಲಿರಿ. ಸತ್ತ ಕುದುರೆಯ ಕಿವಿಯ ಮೇಲೆ ಹಿಮ ಕರಗದೆ ನಿಂತಿದ್ದನ್ನು ಬರೆದಿದ್ದೀರಲ್ಲ, ಆ ಸಾಲು ಓದಿಯೇ ಈ ಮಾತು ಹೇಳುತ್ತಿದ್ದೇನೆ.

ಇನ್ನು ತಪ್ಪುಗಳು. ಡಿಸೆಂಬರ್‌ನಲ್ಲಿ ರೈಲು ಓಡಿಸಿದ್ದೀರಿ. ಹಳಿ ಹಾಕಲು ಶುರುವಾಗಿದ್ದೇ 1855ರ ಫೆಬ್ರವರಿಯಲ್ಲಿ. ದೀಪ ಹಿಡಿದ ದಾದಿ ಅಂತ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ಆಗ ಕಪ್ಪು ಸಮುದ್ರದ ಆಚೆ, ಸ್ಕುಟಾರಿಯ ಆಸ್ಪತ್ರೆಯಲ್ಲಿದ್ದರು. ಬಾಲಕ್ಲಾವಾಕ್ಕೆ ಬಂದಿದ್ದು 1855ರ ಮೇ ತಿಂಗಳಲ್ಲಿ. ಹಾಗಾಗಿ ಡೇರೆಯಲ್ಲಿ ಅವರ ದೀಪದ ದೃಶ್ಯ ತೆಗೆಯಲೇಬೇಕು, ಬೇಜಾರಾಗಬೇಡಿ. ನಾವು ಮಂಕಿ ಕ್ಯಾಪ್ ಅನ್ನೋ ಟೋಪಿಗೆ ಬಾಲಕ್ಲಾವಾ ಅನ್ನುವ ಹೆಸರು ಬಂದಿದ್ದು ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ. ಸಿಪಾಯಿಯ ಬಾಯಲ್ಲಿ ಆ ಹೆಸರು ಬೇಡ, ಸುಮ್ನೆ ಉಣ್ಣೆ ಟೋಪಿ ಅನ್ನಲಿ.

ಬೆಳಗಿನ ಇಳಿಜಾರಿನಿಂದ ಶುರು ಮಾಡಿ, ಕಾಫಿ ಕುಟ್ಟುವಲ್ಲಿಗೆ ಬನ್ನಿ. ಎಂಟು ಪುಟ ದಾಟದಿರಲಿ. ಬರೆದಾದ ಮೇಲೆ ನೇರವಾಗಿ ನನಗೇ ಕಳಿಸಿ, ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ