ಗ್ರಂಥಾಲಯದಲ್ಲಿ ಬೀಜ ಹಂಚುವುದಾದರೆ, ಮೃಗಶಿರಕ್ಕೆ ಮೊದಲೇ ಡಬ್ಬಿ ಖಾಲಿಯಾಗಲಿ

ಹೊಸನಗರದ ಕಡೆಯ ನಿಮ್ಮ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ತರಕಾರಿ ಬೀಜವನ್ನು ಉಚಿತವಾಗಿ ಕೊಟ್ಟು, ಬೆಳೆದ ಮೇಲೆ ಒಂದು ಹಿಡಿಯಷ್ಟನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಮಾಡಬಹುದೇ, ಕಾನೂನಿನ ತೊಡಕಿದೆಯೇ, ಜನ ಹಿಂದಿರುಗಿಸದಿದ್ದರೆ ಏನು ಗತಿ ಎಂದು ಕೇಳಿದ್ದೀರಿ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಗ್ರಂಥಾಲಯದ ಇಂಥದೇ ಕೆಲಸದಲ್ಲಿ ಕೈಜೋಡಿಸಿರುವವನಾಗಿ ಹೇಳುತ್ತೇನೆ, ಖಂಡಿತ ಮಾಡಬಹುದು. ಆದರೆ ನೀವು ಕೇಳದೆ ಬಿಟ್ಟಿರುವ ಇನ್ನೊಂದು ಪ್ರಶ್ನೆ, ಅಂದರೆ ಮಲೆನಾಡಿನ ಮಳೆಗಾಲದಲ್ಲಿ ಆ ಬೀಜ ಎಲ್ಲಿರಬೇಕು ಎಂಬುದು, ಉಳಿದೆಲ್ಲಕ್ಕಿಂತ ಮುಖ್ಯವಾದದ್ದು.

ಕಾನೂನಿನ ವಿಷಯವನ್ನು ಮೊದಲು ಮುಗಿಸಿಬಿಡೋಣ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2014ರಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯದ ಬೀಜ ವಿನಿಮಯಕ್ಕೆ ಅಲ್ಲಿನ ಕೃಷಿ ಇಲಾಖೆ ಆಕ್ಷೇಪಣೆ ಎತ್ತಿದ್ದನ್ನು ಓದಿ ನಿಮಗೆ ಅಳುಕಾಗಿರಬಹುದು. ನಮ್ಮಲ್ಲಿ 1966ರ ಬೀಜ ಕಾಯ್ದೆಯ ನಿರ್ಬಂಧಗಳು ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ತಳಿಗಳ ಬೀಜ ವ್ಯಾಪಾರ ಮಾಡುವವರಿಗೆ ಸಂಬಂಧಿಸಿದವು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು, ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ಮತ್ತು ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಸ್ಪಷ್ಟವಾಗಿ ಕೊಟ್ಟಿದೆ, ಬ್ರ್ಯಾಂಡಿನ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ಬಿಟ್ಟಿಲ್ಲ. ಆದ್ದರಿಂದ ಮನೆಯಲ್ಲಿ ಬೆಳೆದ ನಾಟಿ ಬೀಜಕ್ಕಷ್ಟೇ ಕೈ ಹಾಕಿ. ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗೆ ಬಂದಿರುವುದರಿಂದ, ಮೇಲ್ವಿಚಾರಕರೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಒಪ್ಪಿಗೆಯನ್ನೂ ಪಡೆದುಕೊಳ್ಳುವುದು ಒಳ್ಳೆಯದು.

ಇನ್ನು ಅಸಲು ವಿಷಯಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಗ್ರಂಥಾಲಯದಲ್ಲಿ 2010ರಲ್ಲಿ ಆರಂಭವಾದಂಥ ಬೀಜ ಗ್ರಂಥಾಲಯಗಳ ಚಿತ್ರಗಳಲ್ಲಿ ಕಾಗದದ ಲಕೋಟೆಗಳನ್ನು ಸಾಲಾಗಿ ಜೋಡಿಸಿದ ಮರದ ಖಾನೆಗಳು ಬಹಳ ಚೆನ್ನಾಗಿ ಕಾಣುತ್ತವೆ. ಆದರೆ ಬೇಸಿಗೆಯೆಲ್ಲ ಒಣಗಿರುವ ಆ ಸೀಮೆಯ ಪದ್ಧತಿಯನ್ನು ಪುಸ್ತಕದ ರಟ್ಟಿಗೇ ಬೂಷ್ಟು ಹಿಡಿಯುವ ನಮ್ಮ ಆರಿದ್ರಾ ಮಳೆಗೆ ತಂದರೆ, ಆಗಸ್ಟ್ ಹೊತ್ತಿಗೆ ಲಕೋಟೆಯೊಳಗಿನ ಬೀಜ ಸತ್ತಿರುತ್ತದೆ. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅದರ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬ ಲೆಕ್ಕವೊಂದು ಬೀಜ ವಿಜ್ಞಾನದಲ್ಲಿದೆ. ತೇವ ಏರಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ನಮ್ಮ ಮನೆಗಳ ಹೆಂಗಸರು ಈ ಲೆಕ್ಕವನ್ನು ಓದದೆಯೇ ಬೀಜ ಉಳಿಸಿಕೊಂಡು ಬಂದಿದ್ದಾರೆ. ಬೀಜಕ್ಕೆಂದು ಬಿಟ್ಟ ಮೊಗೆಕಾಯಿಯನ್ನು ಬಾಳೆ ನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುತ್ತಾರೆ. ಸೌತೆ ಬೀಜವನ್ನು ಸೆಗಣಿ ಬೂದಿಯೊಂದಿಗೆ ಕಲಸಿ ಗೋಡೆಗೆ ತಟ್ಟುತ್ತಾರೆ. ಅಲಸಂದೆಯನ್ನು ಬೂದಿಯಲ್ಲಿ ಹೊರಳಿಸಿ, ಹುಳು ಬೀಳದಂತೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಾರೆ. ಇಷ್ಟು ಚೆನ್ನಾದ ಉಗ್ರಾಣ ಯಾವ ಗ್ರಂಥಾಲಯದಲ್ಲೂ ಇಲ್ಲ.

ಹಾಗಾಗಿ ಮಳೆಗಾಲದಲ್ಲಿ ಬೀಜ ಮನೆಗಳಲ್ಲಿರಲಿ, ಗ್ರಂಥಾಲಯದಲ್ಲಿ ಅದರ ದಾಖಲೆ ಇರಲಿ ಎಂಬುದು ನನ್ನ ಅಭಿಪ್ರಾಯ. ಸಂಕ್ರಾಂತಿಯ ಸುಮಾರಿಗೆ, ಬಿಸಿಲು ಗಟ್ಟಿಯಾದ ಮೇಲೆ ಬೀಜ ತರಿಸಿಕೊಳ್ಳಿ. ಗಾಜಿನ ಡಬ್ಬಿಯ ತಳದಲ್ಲಿ ಹುರಿದು ಆರಿಸಿದ ಅಕ್ಕಿಯ ಸಣ್ಣ ಗಂಟನ್ನಿಟ್ಟು ಮುಚ್ಚಳ ಬಿಗಿಯಿರಿ. ರೋಹಿಣಿ ಮಳೆಯ ಹೊತ್ತಿಗೆ ಎಲ್ಲವನ್ನೂ ಹಂಚಿಬಿಡಿ. ಹಂಚುವ ಮೊದಲು ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆಂದು ನೋಡಿ, ಆರಕ್ಕಿಂತ ಕಡಿಮೆಯಾದರೆ ಒತ್ತಾಗಿ ಬಿತ್ತುವಂತೆ ಒಯ್ಯುವವರಿಗೆ ತಿಳಿಸಬೇಕು. ದಾಖಲೆ ಪುಸ್ತಕದಲ್ಲಿ ತಳಿಯ ಊರ ಹೆಸರು, ಯಾರ ಮನೆಯದು, ಯಾವ ವರ್ಷದ್ದು, ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಬೆಳೆದದ್ದೋ ಹಿತ್ತಲಿನಲ್ಲೋ, ಬೀಜದ ಬಣ್ಣವೇನು ಎಂಬುದೆಲ್ಲ ಇರಬೇಕು. "ಕಪ್ಪು ಮಚ್ಚೆಯ ಅಲಸಂದೆ, ಗದ್ದೆ ಅಂಚಿನದು, ನೀರು ನಿಂತರೆ ಕೊಳೆಯುತ್ತದೆ" ಎಂಬಷ್ಟು ಬರೆದಿದ್ದರೂ ಮುಂದಿನವರಿಗೆ ಉಪಯೋಗವಾಗುತ್ತದೆ.

ಹಿಂದಿರುಗಿಸದವರಿಗೆ ದಂಡ ಹಾಕುವ ಯೋಚನೆಯನ್ನು ಬಿಟ್ಟುಬಿಡಿ. ಒಬ್ಬರ ಬೆಳೆ ಮಂಗಗಳ ಪಾಲಾದರೂ ಅದೇ ತಳಿ ಇನ್ನೊಬ್ಬರ ಹಿತ್ತಲಿನಲ್ಲಿ ಉಳಿದಿರುತ್ತದೆ, ಅದು ಯಾರ ಹಿತ್ತಲು ಎಂದು ಗೊತ್ತಿದ್ದರೆ ಸಾಕು.

ಮೊದಲ ವರ್ಷ ಬೀನ್ಸ್, ಅಲಸಂದೆ, ಟೊಮೆಟೊಗಳಿಂದ ಆರಂಭಿಸಿ. ಇವು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದವು, ಅಂದರೆ ತಮ್ಮದೇ ಹೂವಿನ ಪರಾಗದಿಂದ ಕಾಯಿ ಕಟ್ಟುವಂಥವು, ಹಾಗಾಗಿ ತಳಿ ಸುಲಭಕ್ಕೆ ಕೆಡುವುದಿಲ್ಲ. ಕುಂಬಳ, ಸೌತೆಗಳ ಹೂವಿಗೆ ಜೇನು ಎಲ್ಲಿಂದಲೋ ಪರಾಗ ತರುತ್ತದೆ, ಪಕ್ಕದ ಮನೆಯ ತಳಿ ನಮ್ಮದರೊಂದಿಗೆ ಬೆರೆತುಬಿಡುತ್ತದೆ. ಕುಂಬಳದ ಬೀಜ ಬೇಕೇಬೇಕೆಂದರೆ, ಮರುದಿನ ಅರಳಲಿರುವ ಗಂಡು ಹೆಣ್ಣು ಮೊಗ್ಗುಗಳೆರಡನ್ನೂ ಸಂಜೆಯೇ ದಾರದಿಂದ ಕಟ್ಟಿ, ಬೆಳಿಗ್ಗೆ ಕೈಯಾರೆ ಪರಾಗ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ, ಆ ಕಾಯಿಗೆ ಗುರುತು ಮಾಡಬೇಕಾಗುತ್ತದೆ. ಅಂಗಡಿಯ ಹೈಬ್ರಿಡ್ ಪ್ಯಾಕೆಟ್ಟಿನಿಂದ ಬೆಳೆದ ಗಿಡದ ಬೀಜವನ್ನು ಯಾರಾದರೂ ತಂದುಕೊಟ್ಟರೆ ವಿನಯದಿಂದ ನಿರಾಕರಿಸಿ, ಅದರಲ್ಲಿ ತಾಯಿಯ ಗುಣ ಬರುವ ಭರವಸೆಯಿಲ್ಲ. ಆರಂಭದ ಬೀಜಕ್ಕೆ ಊರಿನ ಹಿರಿಯ ಹೆಂಗಸರನ್ನೇ ಕೇಳಿ. ಸಾಲದಿದ್ದರೆ ಶಿರಸಿಯ ವನಸ್ತ್ರೀಯವರನ್ನು ಸಂಪರ್ಕಿಸಬಹುದು, ಮಲೆನಾಡಿನ ಮಹಿಳೆಯರ ಹಿತ್ತಲ ಬೀಜಗಳನ್ನು ಉಳಿಸುವುದೇ ಅವರ ಕೆಲಸ.

ಬಸಳೆ, ತೊಂಡೆಗಳನ್ನು ನಾವು ಬಳ್ಳಿಯ ತುಂಡಿನಿಂದಲೇ ನೆಡುವುದರಿಂದ ಅವಕ್ಕೆ ಡಬ್ಬಿ ಬೇಡ. ಯಾರ ಮನೆಯಲ್ಲಿ ಬಳ್ಳಿ ಸಿಗುತ್ತದೆಂದು ಅವರ ಒಪ್ಪಿಗೆ ಪಡೆದು ಸೂಚನಾ ಫಲಕದಲ್ಲಿ ಬರೆದುಹಾಕಿ.