ಚೀಟಿ ಬರೆಯುವ ಮುನ್ನ ಕೇಳುವ ಪ್ರಶ್ನೆ

"ಔಷಧಕ್ಕೂ ಧರ್ಮವುಂಟೇ? ಮಿಡ್‌ವೈಫ್ ಚೀಟಿ ಬರೆದುಕೊಟ್ಟರೆ ಸಾಲದೇ, ಬಸುರಿಯ ಆಚಾರ ವಿಚಾರವನ್ನೆಲ್ಲ ಏಕೆ ಕೆದಕಬೇಕು?" ಎಂದು ಕೇಳಿದ್ದೀರಿ. ಮನಸ್ಸಿನಲ್ಲಿದ್ದುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ, ಸಂತೋಷ. ಒಂದು ಮಾತು ಒಪ್ಪುತ್ತೇನೆ: ಹೆರಿಗೆಯಾದೊಡನೆ ರಕ್ತ ಸುರಿಯುತ್ತಿದ್ದರೆ, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಚುಚ್ಚುವ ಕೈ ತಡೆಯಬಾರದು. ಆದರೆ ಆ ಗಳಿಗೆಗೆ ಮುಂಚೆ ತಿಂಗಳುಗಟ್ಟಲೆ ಸಮಯವಿತ್ತಲ್ಲ?

ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪರಿನ್ ತಯಾರಾಗುವುದು ಹಂದಿಯ ಕರುಳಿನ ಒಳಪೊರೆಯಿಂದ. ಕ್ಯಾಪ್ಸೂಲಿನ ಹೊರಕವಚದ ಜೆಲಟಿನ್ ಹೆಚ್ಚಾಗಿ ದನದ್ದು, ಇಲ್ಲವೇ ಹಂದಿಯದು. ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆದ ತಾಯಿಗೆ, ಆಕೆಯ ದೇಹ ಮುಂದಿನ ಮಗುವಿನ ರಕ್ತದ ಮೇಲೆ ತಿರುಗಿಬೀಳದಂತೆ, ಹೆರಿಗೆಯ ನಂತರ 72 ಗಂಟೆಯೊಳಗೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಸಾಮಾನ್ಯವಾಗಿ ಮನುಷ್ಯರ ರಕ್ತದ ಪ್ಲಾಸ್ಮಾದಿಂದ ಬಂದದ್ದು. ಮೊದಲೇ ಹೇಳಿದರೆ ಆಕೆ ಯೋಚಿಸಿ, ತಾನು ನಂಬುವವರನ್ನು ಕೇಳಿ, ಒಪ್ಪಿಯೂ ಬರಬಹುದು. ಒಲ್ಲೆನೆಂದರೆ ಕ್ಯಾಪ್ಸೂಲಿನ ಬದಲು ಮಾತ್ರೆಯೋ ದ್ರವವೋ ಸಿಗುತ್ತದೆಯೇ ನೋಡಬಹುದು. ಎನಾಕ್ಸಪರಿನ್ ಬದಲು ಪ್ರಾಣಿಮೂಲವಿಲ್ಲದ ಫೋಂಡಾಪರಿನಕ್ಸ್ ಆದೀತೇ ಎಂದು ತಜ್ಞರನ್ನು ಕೇಳಬಹುದು. ಮನೆಗೆ ಹೋದಮೇಲೆ ತಿಳಿದರೆ ಸಿರಿಂಜು ಸದ್ದಿಲ್ಲದೆ ಕಸದ ಬುಟ್ಟಿ ಸೇರುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ ಬಾಣಂತನದ ಮೊದಲ ವಾರಗಳಲ್ಲೇ ಹೆಚ್ಚು.

ಉಪವಾಸದ ಮಾತೂ ಹಾಗೆಯೇ. ಮೂತ್ರದ ಸೋಂಕಿಗೆ ಎಂಟು ಗಂಟೆಗೊಮ್ಮೆ ಅಮಾಕ್ಸಿಸಿಲಿನ್ ಬರೆದಿರಿ ಎನ್ನಿ. ಹಗಲು ಏನನ್ನೂ ಮುಟ್ಟದವಳು ಮಧ್ಯಾಹ್ನದ್ದನ್ನು ಬಿಡುತ್ತಾಳೆ, ನೀರೂ ಕುಡಿಯುವುದಿಲ್ಲ. ಅರೆಬರೆ ವಾಸಿಯಾದ ಸೋಂಕು ಮೂತ್ರಪಿಂಡಕ್ಕೇರಬಹುದು. ಮೊದಲೇ ಕೇಳಿದ್ದರೆ, ಬಸುರಿಗೆ ಆ ವ್ರತದಲ್ಲಿ ವಿನಾಯಿತಿ ಇದೆಯೇ ಎಂದು ಮಾತಾಡಬಹುದಿತ್ತು. ಇಲ್ಲವಾದರೆ, ಸೋಂಕು ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಸುವ ಕಲ್ಚರ್ ವರದಿ ನೋಡಿಕೊಂಡು ಎರಡೇ ಹೊತ್ತಿನ ಔಷಧ ಆರಿಸಬಹುದಿತ್ತು.

ಕೇಳುವ ಬಗೆಯಲ್ಲೂ ಎಡವುತ್ತೇವೆ. "ಬೇರೆ ಔಷಧ ತಗೊಳ್ತೀರಾ?" ಎಂದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ, ಕಷಾಯವನ್ನು ಆಕೆ ಔಷಧವೆಂದು ಎಣಿಸಿಯೇ ಇಲ್ಲ. "ಕಷಾಯ, ಬೇರು, ಹರಳೆಣ್ಣೆ ಏನಾದರೂ ಕೊಡ್ತಿದ್ದಾರಾ?" ಎಂದು ಹೆಸರಿಟ್ಟು ಕೇಳಬೇಕು. ಹರಳೆಣ್ಣೆ ಗರ್ಭಕೋಶವನ್ನು ಕೆರಳಿಸುತ್ತದೆ. ಅದರ ಮೇಲೆ ಆಕ್ಸಿಟೋಸಿನ್ ಡ್ರಿಪ್ ಏರಿಸಿದರೆ ನೋವು ಬಿಡುವಿಲ್ಲದೆ ಬಂದು ಮಗುವಿನ ಎದೆಬಡಿತ ಕುಸಿಯಬಹುದು. ಭಾಷೆ ಬಾರದವಳಿಗೆ ಅತ್ತೆಯನ್ನೇ ದುಭಾಷಿ ಮಾಡಿದರೆ ಹಿಂದಿನ ಗರ್ಭಪಾತ ಹೊರಬರುವುದುಂಟೇ? ಆಂಟಿ-ಡಿ ಲೆಕ್ಕಕ್ಕೆ ಅದೂ ಬೇಕು.

ನನ್ನ ಸಿಟ್ಟಿರುವುದು ಕೇಸ್ ಶೀಟಿನ ಆ ಒಂದು ಸಾಲಿನ ಮೇಲೆ: "ಹೇಳಿದಂತೆ ಔಷಧ ತೆಗೆದುಕೊಂಡಿಲ್ಲ." ಏಕೆ ತೆಗೆದುಕೊಂಡಿಲ್ಲ ಎಂದು ಬರೆಯಲು ಅದರ ಕೆಳಗೆ ಜಾಗವನ್ನೇ ಬಿಟ್ಟಿರುವುದಿಲ್ಲ.

— ಸಂ.