ಲೆಕ್ಕ ಕೇಳಿದರೆ ಅಹಂಕಾರವೇ?

ಪ್ರಶ್ನೆ: ನಾನು ಕರಾವಳಿಯ ಒಂದು ಕ್ರೈಸ್ತ ಸಭೆಯ (ಚರ್ಚಿನ) ಸ್ತ್ರೀ ಸಂಘದ ಖಜಾಂಚಿ. ಬೆಳೆ ಹಬ್ಬದ ಏಲಂನಲ್ಲಿ (ಹರಾಜಿನಲ್ಲಿ) ಕೂಗಿದ ಹಣಕ್ಕೂ ಬ್ಯಾಂಕಿಗೆ ಕಟ್ಟಿದ ಹಣಕ್ಕೂ ತಾಳೆಯಾಗುತ್ತಿಲ್ಲ. ಕಮಿಟಿಯಲ್ಲಿ ಕೇಳಿದೆ. ಹಿರಿಯರೊಬ್ಬರು ಬೈಬಲಿನ ಫಿಲಿಪ್ಪಿ ಪತ್ರದ 2ನೇ ಅಧ್ಯಾಯ ಓದಿ, "ನಿನ್ನನ್ನು ತಗ್ಗಿಸಿಕೋ ಅಮ್ಮಾ, ಇಷ್ಟು ಅಹಂಕಾರ ಬೇಡ" ಅಂದರು. ಸುಮ್ಮನಾದೆ. ಒಳಗೊಳಗೇ ಕುದಿಯುತ್ತಿದ್ದೇನೆ, ಪ್ರಭುಭೋಜನಕ್ಕೆ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ) ಹೋಗಲೂ ಮನಸ್ಸಿಲ್ಲ. ನನ್ನಲ್ಲಿ ದೀನತೆ ಇಲ್ಲವೇ?

ಉತ್ತರ: ಪ್ರಿಯ ಸಹೋದರಿ,

ಆ ಹಿರಿಯರು ಓದಿದ ಅಧ್ಯಾಯ ನಿಮ್ಮ ಬಾಯಿ ಮುಚ್ಚಿಸಲು ಬರೆದದ್ದಲ್ಲ. ಮತ್ತೊಬ್ಬರನ್ನು ನಿಮಗಿಂತ ಹೆಚ್ಚಿನವರೆಂದು ಎಣಿಸಿ ಎನ್ನುವ ಮಾತು ಅಲ್ಲಿದೆ, ನಿಜ. ಅದರ ಮುಂದಿನ ವಾಕ್ಯವೇ, ನಿಮ್ಮ ಹಿತ ಮಾತ್ರ ನೋಡದೆ ಪರರ ಹಿತವನ್ನೂ ನೋಡಿ ಎನ್ನುತ್ತದೆ. ಏಲಂ ಹಣ ಪರರದ್ದೇ ಅಲ್ವಾ?

ಇದನ್ನು ಬರೆದ ಅಪೊಸ್ತಲ ಪೌಲ ಅದೇ ಫಿಲಿಪ್ಪಿ ಊರಿನಲ್ಲಿ ಏನು ಮಾಡಿದ ಎಂದು ಬೈಬಲಿನ ಅಪೊಸ್ತಲರ ಕೃತ್ಯಗಳು 16ರಲ್ಲಿ ಓದಿ. ವಿಚಾರಣೆ ಇಲ್ಲದೆ ಅವನಿಗೂ ಅವನ ಜೊತೆಗಾರ ಸೀಲನಿಗೂ ಎಲ್ಲರೆದುರು ಛಡಿ ಏಟು ಕೊಟ್ಟು ಸೆರೆಗೆ ಹಾಕಿದ್ದರು. ಬೆಳಗಾದ ಮೇಲೆ ಅಧಿಕಾರಿಗಳು, ಸದ್ದಿಲ್ಲದೆ ಹೋಗಿಬಿಡಿ ಎಂದು ಹೇಳಿ ಕಳಿಸಿದರು. ಪೌಲ ಜಗ್ಗಲಿಲ್ಲ. ರೋಮಿನ ಪ್ರಜೆಗಳಾದ ನಮ್ಮನ್ನು ಬಹಿರಂಗವಾಗಿ ಹೊಡೆಸಿ ಈಗ ಗುಟ್ಟಾಗಿ ಕಳಿಸುವುದೇ? ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅವರು ಬಂದು ಬೇಡಿಕೊಂಡರು. ಕ್ರಿಸ್ತನು ದಾಸನ ರೂಪ ಧರಿಸಿ ತನ್ನನ್ನು ತಗ್ಗಿಸಿಕೊಂಡನೆಂದು ಆಮೇಲೆ ಆ ಊರಿನ ಸಭೆಗೇ ಬರೆದವನೂ ಇವನೇ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನೂ ಅವನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸದಂತೆ ಜೊತೆಗೆ ಸಭೆಗಳು ಆರಿಸಿದವರನ್ನು ಇಟ್ಟುಕೊಂಡ.

ಆದರೆ ನಿಮ್ಮ ಕುದಿತದ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಈಗ ನಿಮಗೆ ಬೇಕಾಗಿರುವುದು ಲೆಕ್ಕವೋ, ಆ ಹಿರಿಯರ ತಲೆ ತಗ್ಗುವುದೋ? ಎರಡೂ ಸ್ವಲ್ಪ ಸ್ವಲ್ಪ ಇರುತ್ತದೆ, ನಾವು ಮನುಷ್ಯರು ತಾನೇ. ಏಲಂ ಹೇಗೆ ನಡೆಯುತ್ತದೆ ಎಂದು ನಿಮಗೇ ಗೊತ್ತು. ಹುಮ್ಮಸ್ಸಿನಲ್ಲಿ ಒಂದು ತೆಂಗಿನಕಾಯಿಗೆ 500 ರೂಪಾಯಿ ಕೂಗುತ್ತಾರೆ, "ಬರುವ ಭಾನುವಾರ ಕೊಡ್ತೇನೆ" ಎಂದು ಬರೆಸಿ ಬಾಳೆಗೊನೆಯನ್ನೂ ಹೊತ್ತುಕೊಂಡು ಹೋಗುತ್ತಾರೆ. ಆ ಭಾನುವಾರ ಬರುವುದೇ ಇಲ್ಲ! ಹಣ ಯಾರೂ ನುಂಗದೆ, ಬಾಕಿಯೇ ನಿಂತಿರಬಹುದು. ನನ್ನ ಅನುಮಾನ ತಪ್ಪಿರಬಹುದು ಎಂದುಕೊಂಡೇ ಕೇಳುವುದಿದೆಯಲ್ಲ, ದೀನತೆ ಬೇಕಾಗುವುದು ಅಲ್ಲಿ. ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಅವರನ್ನು ಕಳ್ಳರು ಮಾಡುವುದಕ್ಕಿಂತ ಇದು ಕಷ್ಟ.

ಮೊದಲು ನಿಮ್ಮ ಪುಸ್ತಕವನ್ನೇ ಇನ್ನೊಬ್ಬರ ಕೈಗೆ ಕೊಟ್ಟು ಪರೀಕ್ಷೆ ಮಾಡಿಸಿ. ಆಮೇಲೆ ಆ ಹಿರಿಯರ ಮನೆಗೇ ಹೋಗಿ. ತಪ್ಪು ಕಂಡರೆ ಮೊದಲು ಇಬ್ಬರೇ ಇರುವಾಗ ಮಾತಾಡಿ ಎಂದು ಯೇಸು ಸ್ವಾಮಿ ಮತ್ತಾಯ 18ರಲ್ಲಿ ಹೇಳಿದ್ದಾರೆ. "ಕೂಗಿದ ಪಟ್ಟಿಯನ್ನೂ ರಸೀದಿ ಪುಸ್ತಕವನ್ನೂ ಒಟ್ಟಿಗೆ ಕೂತು ನೋಡೋಣ, ನನ್ನದೇ ತಪ್ಪಿದ್ದರೂ ಇರಬಹುದು" ಅನ್ನಿ. ಕಮಿಟಿಯಲ್ಲಿ ಅವರು ಆಡಿದ ಮಾತು ನೋವಾಯಿತು ಎಂದೂ ನೇರವಾಗಿ ಹೇಳಿ. ಒಪ್ಪದಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಅದಕ್ಕೂ ಜಗ್ಗದಿದ್ದರೆ ಸಭಾಪಾಲಕರಿಗೆ (ಪಾದ್ರಿಯವರಿಗೆ) ಬರವಣಿಗೆಯಲ್ಲಿ ಕೊಟ್ಟು, ಸಭೆಯ ಮುಂದೆಯೇ ಕೇಳಿ. ಆಗ ಯಾರಾದರೂ ಅಹಂಕಾರಿ ಅಂದರೆ ಅಂದುಕೊಳ್ಳಲಿ.

ಪ್ರಭುಭೋಜನವನ್ನು ಮಾತ್ರ ಈ ಲೆಕ್ಕ ಮುಗಿಯುವವರೆಗೆ ಮುಂದೂಡಬೇಡಿ. ಹಿರಿಯರ ಮನೆಗೆ ಶನಿವಾರವೇ ಹೋಗಿ ಬನ್ನಿ, ಭಾನುವಾರ ಮೇಜಿನ ಹತ್ತಿರ ಹೋಗಿ.